ಅಪ್‌ಡೇಟ್: ಒಂದು ದಿನ ಹಿಂದೆ ಬೀಳುತ್ತಿದ್ದ ದಿನಾಂಕ ಸರಿಯಾಯಿತು

ಬಿಡುವಿನಲ್ಲಿ ಕಟ್ಟಿಕೊಂಡಿರುವ ನನ್ನ ಆಕಾಶವೀಕ್ಷಣೆಯ ದಿನಚರಿ ಪುಟದಲ್ಲಿ, 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ 6ನೇ ತಾರೀಖಿಗೆ ದಾಖಲಾಗುತ್ತಿದೆ ಎಂದು ಕಳೆದ ವಾರ ಇಲ್ಲಿ ಗೋಳಾಡಿದ್ದೆ, ಹಲವರು ಸಲಹೆ ಕೊಟ್ಟಿದ್ದರು. ಕೊನೆಗೂ ಬಗೆಹರಿದಿದೆ.

ಕ್ಯಾಶೆ (ತಾತ್ಕಾಲಿಕವಾಗಿ ಕೂಡಿಟ್ಟ ಹಳೆಯ ಮಾಹಿತಿ) ಅಳಿಸಿದ್ದರಿಂದ ಏನೂ ಆಗಲಿಲ್ಲ. ಸರ್ವರ್‌ನ ಕಾಲವಲಯ ಬದಲಿಸಿ ಅರ್ಧ ದಿನ ಕಳೆದುಕೊಂಡೆ. ತಪ್ಪು ಅಲ್ಲಿರಲೇ ಇಲ್ಲ. ಆರಿಸಿದ ದಿನಾಂಕಕ್ಕೆ ಹನ್ನೆರಡು ಗಂಟೆ ಕೂಡಿಸುವ ಉಪಾಯ ಕೆಲಸ ಮಾಡಿತು, ಆದರೆ ಅದು ತೇಪೆ, ಮನಸ್ಸು ಒಪ್ಪಲಿಲ್ಲ.

ನಿಜವಾದ ಕಳ್ಳನನ್ನು ಹಿಡಿದುಕೊಟ್ಟದ್ದು 'ಟುಐಎಸ್‌ಒಸ್ಟ್ರಿಂಗ್ ಎಲ್ಲಿ ಬಳಸಿದ್ದೀರಿ ನೋಡಿ' ಎಂದವರು. ಅದು ಪುಟ ಬರೆದಿರುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ದಿನಾಂಕವನ್ನು ಅಕ್ಷರಗಳ ಸಾಲಾಗಿಸುವ ವಿಧಾನ. ಕ್ಯಾಲೆಂಡರ್‌ನಲ್ಲಿ ಆರಿಸಿದ ದಿನ ಸ್ಥಳೀಯ ಮಧ್ಯರಾತ್ರಿಯಾಗಿ ಬರುತ್ತದೆ. ಆ ವಿಧಾನ ಅದನ್ನು ಯುಟಿಸಿಗೆ, ಅಂದರೆ ಜಾಗತಿಕ ಪ್ರಮಾಣ ಸಮಯಕ್ಕೆ, ತಿರುಗಿಸುತ್ತದೆ. ಯುಟಿಸಿಗಿಂತ ಮುಂದಿರುವ ಕಾಲವಲಯಗಳಲ್ಲಿ ಅದು ಹಿಂದಿನ ದಿನದ ಸಂಜೆಯಾಗಬಹುದು. ನಾನು ಅದರಿಂದ ದಿನಾಂಕವಿರುವ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿ ಉಳಿಸುತ್ತಿದ್ದೆ! ಈಗ ವರ್ಷ, ತಿಂಗಳು, ದಿನಗಳನ್ನು ಬೇರೆಬೇರೆಯಾಗಿ ಪಡೆದು ಜೋಡಿಸುತ್ತೇನೆ. ತಿಂಗಳಿಗೆ ಒಂದು ಕೂಡಿಸುವುದನ್ನು ಮರೆಯಬೇಡಿ, ಜಾವಾಸ್ಕ್ರಿಪ್ಟ್‌ನಲ್ಲಿ ಜನವರಿ ಎಂದರೆ ಸೊನ್ನೆ. 1995ರಲ್ಲಿ ಜಾವಾ ಎಂಬ ಇನ್ನೊಂದು ಭಾಷೆಯ ದಿನಾಂಕ ವ್ಯವಸ್ಥೆಯನ್ನು ಎರವಲು ತಂದಾಗ ಅಂಟಿಕೊಂಡ ಜಾಡ್ಯವಂತೆ ಇದು.

ಬೆರಗಾಗಿಸಿದ್ದು ಇನ್ನೊಂದು. '2025-09-07' ಎಂದಷ್ಟೇ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಎಂದು ಓದುತ್ತದೆ. ವಲಯ ಸೂಚಿಸದೆ ಸಮಯವನ್ನೂ ಸೇರಿಸಿದರೆ ಸ್ಥಳೀಯ ಎಂದು ಓದುತ್ತದೆ. ಇಷ್ಟು ವರ್ಷ ಇದೇ ಕಸುಬು ಮಾಡಿಯೂ ಗೊತ್ತಿರಲಿಲ್ಲ.

ಹಳೆಯ ದಾಖಲೆಗಳನ್ನೆಲ್ಲ ಒಂದು ದಿನ ಮುಂದಕ್ಕೆ ಸರಿಸಿದ್ದೇನೆ. ಪ್ರತಿ ಇಟ್ಟುಕೊಂಡ ಮೇಲೆಯೇ ಸರಿಸಿದೆ, ಗಾಬರಿ ಬೇಡ.