ಒಂಬತ್ತನೇ ತರಗತಿಯ ಮಕ್ಕಳಿಗೆ ಯಾವ ವಿಜ್ಞಾನ ಕಥೆ, ಯಾವ ವಿಜ್ಞಾನ ಪುಸ್ತಕ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಓದುಗ ಮಿತ್ರರಿಗೆಲ್ಲ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯ ಗ್ರಂಥಾಲಯಕ್ಕೆಂದು 5,000 ರೂಪಾಯಿ ಕೊಟ್ಟಿದ್ದಾರೆ. ಆ ಹಣವನ್ನು ಸಾಮಾನ್ಯ ಜ್ಞಾನದ ಪ್ರಶ್ನೋತ್ತರ ಪುಸ್ತಕಗಳಿಗೆ ಹಾಕಲು ನನಗೆ ಮನಸ್ಸಿಲ್ಲ. ಮಕ್ಕಳು ಕುಳಿತು ಓದುವಂಥ, ಓದಿದ ಮೇಲೆ ಏನನ್ನಾದರೂ ಕೇಳುವಂಥ ಪುಸ್ತಕಗಳು ಬೇಕು.

ಹೀಗೆ ಅನ್ನಿಸಲು ಕಾರಣವಾದ ಒಂದು ಪ್ರಸಂಗವನ್ನು ಹೇಳಬೇಕು. 2023ರ ಏಪ್ರಿಲ್ 2ರಂದು ನಮ್ಮ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ ತನ್ನ ರೆಕ್ಕೆಯುಳ್ಳ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೊಮೀಟರ್ ಎತ್ತರದಲ್ಲಿ ಬಿಟ್ಟಿತು, ಅದು ತಾನಾಗಿಯೇ ದಾರಿ ಹಿಡಿದು ರನ್‌ವೇಯ ಮೇಲೆ ಇಳಿಯಿತು. ಗುರುತ್ವಾಕರ್ಷಣೆಯ ಪಾಠದ ನಡುವೆ ನಾನು ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಎಂಜಿನ್ ಓಡದೆ ಇದ್ದರೆ ಅದು ಕಲ್ಲಿನ ಹಾಗೆ ಬೀಳಬೇಕಿತ್ತಲ್ಲ ಮಿಸ್?" ಎಂದು ಕೇಳಿದಳು. ನಾನು ನಾಲ್ಕು ವಾಕ್ಯಗಳಲ್ಲಿ ಉತ್ತರ ಕೊಟ್ಟು ಪಾಠ ಮುಂದುವರಿಸಿದೆ. ಮರುವಾರ ನೋಟ್ಸ್ ತಿದ್ದುವಾಗ ನೋಡಿದರೆ, ಅವಳ ಪುಸ್ತಕದ ಕೊನೆಯ ಹಾಳೆಯಲ್ಲಿ ರೆಕ್ಕೆ ಚಾಚಿದ ಹದ್ದು ಮತ್ತು ಆ ವಾಹನ ಅಕ್ಕಪಕ್ಕದಲ್ಲಿದ್ದವು, ನಡುವೆ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆಯಿತ್ತು. ಅವಳ ಕೈಗೆ ಕೊಡಲು ನನ್ನ ಬಳಿ ಒಂದು ಪುಸ್ತಕವೂ ಇರಲಿಲ್ಲ.

ನೀವು ಓದಿ ಮೆಚ್ಚಿದ ಜನಪ್ರಿಯ ವಿಜ್ಞಾನ ಪುಸ್ತಕಗಳನ್ನೂ ವಿಜ್ಞಾನ ಕಥೆಗಳನ್ನೂ ದಯವಿಟ್ಟು ತಿಳಿಸಿ. ಕಟ್ಟುಕಥೆಯನ್ನೇ ಮಕ್ಕಳು ವಿಜ್ಞಾನವೆಂದು ನಂಬಿಬಿಡುತ್ತಾರೇನೋ ಎಂಬ ಅಳುಕೂ ನನಗಿದೆ. ಅದರ ಬಗ್ಗೆಯೂ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಅಡಿಕೆ ಬೆಳೆಗಾರ, ಶಿರಸಿ

ಮೇಡಂ, ಆ ಹುಡುಗಿಗೆ ಮೊದಲು ಕೊಡಬೇಕಾದದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಜೇನು ಹುಡುಕುವ ಮಂದಣ್ಣ ಮತ್ತು ಅವರ ಜೊತೆಗಾರರು ಹಾರುವ ಓತಿಯೊಂದನ್ನು ಅರಸಿಕೊಂಡು ಪಶ್ಚಿಮ ಘಟ್ಟದ ಕಾಡು ಹೊಗುತ್ತಾರೆ. ಕೊನೆಯನ್ನು ಹೇಳಿ ಓದಿನ ಸುಖ ಕೆಡಿಸುವುದಿಲ್ಲ. ಓದು ಬರಹದಲ್ಲಿ ಮುಂದೆ ಬರದ, ಊರಿನವರ ಕಣ್ಣಿಗೆ ಪೋಲಿಯಂತೆ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಹಿಂದಿನ ಬೆಂಚಿನ ಮಕ್ಕಳು ಇದನ್ನು ಓದಲೇಬೇಕೆಂದು ನಾನು ಹೇಳುವುದು ಅದಕ್ಕಾಗಿ.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೂ ಇಲ್ಲಿ ದಾರಿಯಿದೆ. ಕಾದಂಬರಿಯ ಓತಿ ಕಥೆಗಾರರ ಕಲ್ಪನೆಯಲ್ಲಿ ಬೆಳೆದದ್ದು, ಆದರೆ ಹಾರುವ ಓತಿ ನಿಜವಾಗಿಯೂ ನಮ್ಮ ಅಡಿಕೆ ತೋಟಗಳಲ್ಲಿದೆ. ಬಿಸಿಲೇರಿದ ಹೊತ್ತಿನಲ್ಲಿ ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಮರದ ಮೈಗೆ ಅಂಟಿಕೊಂಡಿದ್ದರೆ ತೊಗಟೆ ಯಾವುದು, ಓತಿ ಯಾವುದು ಎಂದು ತಿಳಿಯುವುದಿಲ್ಲ. ಗಂಡು ತನ್ನ ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಿಚ್ಚಿ ಮಡಿಸಿದಾಗ ಮಾತ್ರ ಅದರ ಗುರುತು ಸಿಗುತ್ತದೆ. ಇರುವೆ ತಿನ್ನುತ್ತ ಮೇಲೇರಿ, ಒಮ್ಮೆಗೇ ಮರ ಬಿಟ್ಟು ಹಾರಿದಾಗ ಎರಡು ಪಕ್ಕಗಳಲ್ಲೂ ಬೀಸಣಿಗೆಯಂತೆ ಚರ್ಮ ಬಿಚ್ಚಿಕೊಳ್ಳುತ್ತದೆ. ಆ ಚರ್ಮಕ್ಕೆ ಆಸರೆಯಾಗಿರುವುದು ಅದರ ಪಕ್ಕೆಲುಬುಗಳೇ. ಹಕ್ಕಿಯಂತೆ ಬಡಿಯಲು ಅದಕ್ಕೆ ಬಾರದು. ಎತ್ತರವನ್ನು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತ, ಅದರ ಬದಲಿಗೆ ಮುಂದಕ್ಕೆ ಸಾಗುತ್ತದೆ. ಆಚೆಯ ಮರ ಹತ್ತಿರ ಬಂದಾಗ ಮೂತಿಯನ್ನು ಮೇಲಕ್ಕೆತ್ತಿ, ವೇಗ ತಗ್ಗಿಸಿ, ಮೆಲ್ಲಗೆ ಅಂಟಿಕೊಳ್ಳುತ್ತದೆ. ನಿಮ್ಮೂರಿನ ರನ್‌ವೇ ಮೇಲೆ ಇಳಿದ ವಾಹನ ಮಾಡಿದ್ದೂ ಇದನ್ನೇ. ಹದ್ದಿನ ಪಕ್ಕದಲ್ಲಿ ಒಂದು ಓತಿಯನ್ನೂ ಬರೆಯಲು ಅವಳಿಗೆ ಹೇಳಿ.

ಕಾದಂಬರಿಯ ಜೊತೆಗೆ ತೇಜಸ್ವಿಯವರದೇ 'ಪರಿಸರದ ಕತೆ' ಇರಲಿ. ಬಿಡಿ ಬಿಡಿ ಪ್ರಸಂಗಗಳಾದ್ದರಿಂದ ಓದಿನ ಅಭ್ಯಾಸವಿಲ್ಲದ ಮಗುವೂ ಒಂದು ಅವಧಿಯಲ್ಲಿ ಒಂದನ್ನು ಮುಗಿಸಬಹುದು.

ಉತ್ತರ 2: ಸಸ್ಯವಿಜ್ಞಾನದ ವಿದ್ಯಾರ್ಥಿನಿ, ಧಾರವಾಡ

ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು' ಪುಸ್ತಕವನ್ನು ಮೊದಲು ಮೇಡಂ ಅವರೇ ಓದಬೇಕೆಂದು ನನ್ನ ಕೋರಿಕೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರಗಳನ್ನು ಹುಡುಕುತ್ತ ಕಾಡು ಅಲೆದ ಅನುಭವ ಅದು. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂದಿತು. ಅಲ್ಲಲ್ಲಿ ಭಾಷೆ ಹಳಗನ್ನಡದ ಕಡೆಗೂ ಸಂಸ್ಕೃತದ ಕಡೆಗೂ ವಾಲುವುದರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಇಡೀ ಪುಸ್ತಕ ಭಾರವಾದೀತು. ತರಗತಿಯಲ್ಲಿ ನೀವೇ ಆಯ್ದು ಓದಿ ಹೇಳಿದರೆ ಮಕ್ಕಳು ನಗುತ್ತಾರೆ, ಮರುದಿನ ಯಾವುದೋ ಸೊಪ್ಪನ್ನು ಕಿತ್ತು ತಂದು ಹೆಸರು ಕೇಳುತ್ತಾರೆ. ನಾನು ಈ ವಿಷಯವನ್ನು ಆರಿಸಿಕೊಂಡದ್ದೇ ಈ ಪುಸ್ತಕ ಓದಿದ ಮೇಲೆ.

ಉತ್ತರ 3: ಭೌತವಿಜ್ಞಾನ ಉಪನ್ಯಾಸಕ, ಬೆಂಗಳೂರು

ಕಥೆಯನ್ನು ಮಕ್ಕಳು ವಿಜ್ಞಾನವೆಂದು ನಂಬಿಬಿಡುತ್ತಾರೆಂಬ ನಿಮ್ಮ ಅಳುಕಿಗೆ ಒಂದು ಉದಾಹರಣೆಯ ಮೂಲಕವೇ ಉತ್ತರಿಸುತ್ತೇನೆ.

ವಿಜ್ಞಾನಿ ಜಗದೀಶಚಂದ್ರ ಬೋಸ್ ಅವರು 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದರು. ತಲೆಗೆ ಹಚ್ಚುವ ಎಣ್ಣೆಯ ತಯಾರಕರು ನಡೆಸಿದ ಸ್ಪರ್ಧೆಗಾಗಿ ಬರೆದ ಕಥೆಯದು. ಮುಂದೆ ಅದನ್ನು ತಿದ್ದಿ ಬೆಳೆಸಿ, 1921ರಲ್ಲಿ 'ಪಲಾತಕ ತೂಫಾನ್', ಅಂದರೆ ಓಡಿಹೋದ ಚಂಡಮಾರುತ, ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಕಲ್ಕತ್ತೆಯ ಮೇಲೆ ಎರಗಬೇಕಿದ್ದ ಚಂಡಮಾರುತ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಹವಾಮಾನ ಬಲ್ಲವರಿಗೆಲ್ಲ ಅದು ಒಗಟಾಗುತ್ತದೆ. ನಡೆದದ್ದು ಇಷ್ಟೇ: ಹಡಗಿನಲ್ಲಿ ಹೋಗುತ್ತಿದ್ದವನೊಬ್ಬ ತನ್ನ ಬಳಿಯಿದ್ದ ತಲೆಯೆಣ್ಣೆಯನ್ನು ಸಮುದ್ರಕ್ಕೆ ಸುರಿದಿರುತ್ತಾನೆ, ಅಲೆಗಳು ಅಡಗಿರುತ್ತವೆ.

ಈ ಕಥೆಯನ್ನು ಹೇಳಿ, ನಿಜ ಎಲ್ಲಿಯವರೆಗೆ, ಕಲ್ಪನೆ ಎಲ್ಲಿಂದ ಎಂದು ಮಕ್ಕಳನ್ನೇ ಕೇಳಿ. ಎಣ್ಣೆ ಸಣ್ಣ ಅಲೆಗಳನ್ನು ಅಡಗಿಸುವುದು ನಿಜ. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಲಂಡನ್ನಿನ ಕ್ಲ್ಯಾಪಮ್ ಎಂಬಲ್ಲಿನ ಕೊಳಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಬಿಟ್ಟಾಗ ಅದು ಸುಮಾರು ಅರ್ಧ ಎಕರೆಗೆ ಹರಡಿ ನೀರು ಕನ್ನಡಿಯಂತಾಯಿತೆಂದು ಅವರೇ ಬರೆದಿದ್ದಾರೆ. ನಮ್ಮ ಲೆಕ್ಕದಲ್ಲಿ 20 ಗುಂಟೆ, ಅಂದರೆ ಸುಮಾರು 2,000 ಚದರ ಮೀಟರ್. ಚಮಚದ ಎಣ್ಣೆಯನ್ನು 5 ಮಿಲಿಲೀಟರ್ ಎಂದಿಟ್ಟುಕೊಂಡು ಆ ವಿಸ್ತೀರ್ಣದಿಂದ ಭಾಗಿಸಿದರೆ ಎಣ್ಣೆಯ ಪದರದ ದಪ್ಪ ಒಂದು ಮಿಲಿಮೀಟರಿನ 4 ಲಕ್ಷದಲ್ಲಿ ಒಂದು ಪಾಲು ಎಂದು ಸಿಗುತ್ತದೆ. ಇದು ಎಣ್ಣೆಯ ಒಂದು ಅಣುವಿನ ಉದ್ದಕ್ಕೆ ಹತ್ತಿರದ ಅಳತೆ. ಕಣ್ಣಿಗೆ ಕಾಣದ ಅಣುವನ್ನು ಚಮಚ ಮತ್ತು ಗುಂಟೆಗಳಿಂದ ಅಳೆಯಬಹುದೆಂದು ಒಂಬತ್ತನೇ ತರಗತಿಯ ಮಗುವಿಗೆ ತಿಳಿದರೆ ಅದಕ್ಕಿಂತ ದೊಡ್ಡ ಪಾಠ ನನಗೆ ತೋಚುವುದಿಲ್ಲ. ಮನೆಯಲ್ಲಿ ನನ್ನ ಮಗನಿಗೆ ಮೇಲ್ಮೈ ಸೆಳೆತ, ಅಂದರೆ ನೀರಿನ ಮೇಲ್ಪದರ ಬಿಗಿಯಾಗಿ ಎಳೆದುಕೊಂಡಿರುವ ಗುಣ, ತೋರಿಸಲು ಊಟದ ತಟ್ಟೆಗೆ ನೀರು ಹಾಕಿ, ಮೇಲೆ ತೆಳುವಾಗಿ ಅರಿಶಿನ ಉದುರಿಸಿ, ಬೆರಳ ತುದಿಗೆ ಸೋಪು ಹಚ್ಚಿ ನಡುವೆ ಮುಟ್ಟಿಸಿದೆ. ಅರಿಶಿನ ಒಂದೇ ಏಟಿಗೆ ತಟ್ಟೆಯ ಅಂಚಿಗೆ ಓಡಿತು.

ಚಂಡಮಾರುತವನ್ನು ಎಣ್ಣೆಯಿಂದ ನಿಲ್ಲಿಸುವುದು ಮಾತ್ರ ಕಲ್ಪನೆ. ಅದಕ್ಕೆ ಬಲ ಬರುವುದು ಬಿಸಿಯಾದ ಸಮುದ್ರದಿಂದ ಆವಿಯಾಗಿ ಮೇಲೇರುವ ನೀರು ಬಿಟ್ಟುಕೊಡುವ ಶಾಖದಿಂದ. ಒಂದು ಸೀಸೆ ಎಣ್ಣೆ ಅದರ ಮುಂದೆ ಏನೂ ಅಲ್ಲ. ಈ ಗೆರೆಯನ್ನು ಮಕ್ಕಳೇ ಎಳೆಯಲಿ. ಗೆರೆ ಎಳೆಯಲು ಕಲಿತ ಮಗು ಕಥೆಯಿಂದ ದಾರಿ ತಪ್ಪುವುದಿಲ್ಲ.

ಹೆಣ್ಣುಮಕ್ಕಳಿಗೆಂದು ಇನ್ನೊಂದು ಕಥೆಯನ್ನು ಸೇರಿಸುತ್ತೇನೆ. ಬಂಗಾಳದ ಲೇಖಕಿ ಬೇಗಂ ರುಕೈಯಾ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಬಂದ ಇಂಗ್ಲಿಷ್ ಕಥೆ. ಅದರ ಸ್ತ್ರೀರಾಜ್ಯದಲ್ಲಿ ಹೆಂಗಸರು ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುತ್ತಾರೆ, ಬಿಸಿಲಿನ ಶಾಖವನ್ನು ಕೂಡಿಟ್ಟು ಅದರಿಂದಲೇ ಶತ್ರು ಸೈನ್ಯವನ್ನು ಓಡಿಸುತ್ತಾರೆ. ಮಳೆಯನ್ನೇ ಎದುರು ನೋಡುವ, ಬಿಸಿಲಿಗೆ ಬರವಿಲ್ಲದ ನಿಮ್ಮ ಸೀಮೆಯ ಮಕ್ಕಳು ಇದನ್ನು ಕೇಳಿ ಸುಮ್ಮನಿರಲಾರರು. ಚಿಕ್ಕ ಕಥೆಯಾದ್ದರಿಂದ ನೀವೇ ಕನ್ನಡದಲ್ಲಿ ಹೇಳಬಹುದು. ಕನ್ನಡದಲ್ಲಿ ವಿಜ್ಞಾನ ಕಥೆಗಾಗಿಯೇ ದುಡಿದ ರಾಜಶೇಖರ ಭೂಸನೂರಮಠ ಅವರ ಪುಸ್ತಕಗಳು ಸಿಕ್ಕರೆ ಬಿಡಬೇಡಿ.

ಉತ್ತರ 4: ನಿವೃತ್ತ ಗ್ರಂಥಪಾಲಕ, ಮೈಸೂರು

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಇಡೀ ಹಣವನ್ನು ಕಥೆಗಳಿಗೇ ಹಾಕಬಾರದು. ಮಗುವಿಗೆ ಒಂದು ಪ್ರಶ್ನೆ ಹುಟ್ಟಿದಾಗ ತೆರೆದು ನೋಡುವಂಥ ಪುಸ್ತಕವೂ ಕೋಣೆಯಲ್ಲಿರಬೇಕು.

ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ', 1959ರಿಂದ 1964ರ ನಡುವೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಹೊರತಂದರು. ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಧುಮುಕಿದ ವ್ಯಕ್ತಿಯೊಬ್ಬರು ಇಷ್ಟನ್ನೂ ಒಬ್ಬರೇ ಓದಿ, ತಿಳಿದು, ಕನ್ನಡದಲ್ಲಿ ಬರೆದರೆಂಬುದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಹಳೆಯ ಪ್ರತಿ ಎಲ್ಲಾದರೂ ಸಿಕ್ಕರೆ ಸಂಗ್ರಹಿಸಿ, ಆದರೆ ಎಚ್ಚರಿಕೆಯಿಂದ ಬಳಸಿ: ಅದು ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮುನ್ನ ಬರೆದ ಪುಸ್ತಕ. ಹಾಗೆಯೇ 2006ಕ್ಕೆ ಮೊದಲಿನ ಪುಸ್ತಕಗಳಲ್ಲಿ ಪ್ಲೂಟೊ ಇನ್ನೂ ಗ್ರಹವಾಗಿಯೇ ಇರುತ್ತದೆ. ನಾನು ಕೆಲಸದಲ್ಲಿದ್ದಾಗ ಇಂಥ ಪುಟಗಳಲ್ಲಿ ಒಂದು ಚೀಟಿ ಇಟ್ಟು, ಈಗ ಏನು ತಿಳಿದಿದೆ ಎಂದು ಬರೆದಿಡುತ್ತಿದ್ದೆ. ಆ ಚೀಟಿ ಬರೆಯುವ ಕೆಲಸವನ್ನು ನಿಮ್ಮ ಮಕ್ಕಳಿಗೇ ವಹಿಸಬಹುದು.

ಖಗೋಳಕ್ಕೆ ಜಿ.ಟಿ. ನಾರಾಯಣ ರಾವ್ ಅವರ ಪುಸ್ತಕಗಳಲ್ಲಿ ಯಾವುದು ಸಿಕ್ಕರೂ ಕೊಳ್ಳಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗದ ಸಂಪಾದಕರಾಗಿದ್ದವರು ಅವರು. ಕೃಷ್ಣವಿವರ (ಬ್ಲ್ಯಾಕ್ ಹೋಲ್), ಶ್ವೇತಕುಬ್ಜದಂಥ (ವೈಟ್ ಡ್ವಾರ್ಫ್) ಪದಗಳು ಇಂದು ನಮ್ಮ ಬಾಯಲ್ಲಿ ಸಲೀಸಾಗಿ ಬರುವುದಕ್ಕೆ ಅಂಥವರ ದುಡಿಮೆಯೇ ಕಾರಣ. ಡಿಸೆಂಬರ್ ಕೊನೆಯ ಒಂದು ರಾತ್ರಿ ಮಕ್ಕಳನ್ನು ಶಾಲೆಯ ಬಯಲಿಗೆ ಕರೆದು, ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟದ ಮೂರು ಚುಕ್ಕೆಗಳನ್ನು ಹಿಡಿದು ಕೆಳಕ್ಕೆ ಸಾಗಿ ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ತೋರಿಸಿ. ಅದು ಸುಮಾರು 8.6 ಜ್ಯೋತಿರ್ವರ್ಷಗಳ ದೂರದಲ್ಲಿದೆ, ಅಂದರೆ ಅದರ ಬೆಳಕು ನಮ್ಮನ್ನು ತಲುಪಲು ಅಷ್ಟು ವರ್ಷ ಬೇಕು. ಅಂದು ಅವರ ಕಣ್ಣಿಗೆ ಬೀಳುವ ಬೆಳಕು ಆ ನಕ್ಷತ್ರವನ್ನು ಬಿಟ್ಟು ಹೊರಟಾಗ ಅವರು ಇನ್ನೇನು ಒಂದನೇ ತರಗತಿಗೆ ಸೇರಲಿದ್ದರು.

ಉಳಿದ ಹಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆಗೆ ಚಂದಾ ಕಟ್ಟಿ. ಪುಸ್ತಕ ಒಮ್ಮೆ ಬಂದು ಕೂರುತ್ತದೆ, ಪತ್ರಿಕೆ ತಿಂಗಳು ತಿಂಗಳು ಬಾಗಿಲು ತಟ್ಟುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. 'ಕರ್ವಾಲೊ' ನಾಲ್ಕು ಪ್ರತಿ, 'ಪರಿಸರದ ಕತೆ' ನಾಲ್ಕು ಪ್ರತಿ, ನನಗಾಗಿ 'ಹಸುರು ಹೊನ್ನು' ಒಂದು ಪ್ರತಿ ತರಿಸಲು ಬರೆದಿದ್ದೇನೆ. ನನ್ನ ಪ್ರತಿಯ ಹಣವನ್ನು ನಾನೇ ಕೊಡುತ್ತೇನೆ. ಖಗೋಳದ ಪುಸ್ತಕಗಳನ್ನು ಮುಂದಿನ ವಾರ ಚಿತ್ರದುರ್ಗಕ್ಕೆ ಹೋದಾಗ ಅಂಗಡಿಯಲ್ಲಿ ನೋಡಿ ಆರಿಸುತ್ತೇನೆ.

ಪುಸ್ತಕ ಬರುವ ಮೊದಲೇ ನಿನ್ನೆ ತರಗತಿಯಲ್ಲಿ ಬೋಸ್ ಅವರ ಕಥೆ ಹೇಳಿದೆ. ಬಿಸಿಯೂಟದ ತಟ್ಟೆಯೊಂದರಲ್ಲಿ ನೀರು, ಅರಿಶಿನ, ಸೋಪು ಎಲ್ಲವೂ ಆಯಿತು. ಮೂರು ಸಲ ನೀರು ಬದಲಿಸಬೇಕಾಯಿತು, ಎಲ್ಲರಿಗೂ ತಾವೇ ಮುಟ್ಟಿ ನೋಡಬೇಕಿತ್ತು. ಆಮೇಲೆ ಫ್ರಾಂಕ್ಲಿನ್ನರ ಚಮಚದ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಸೊನ್ನೆಗಳನ್ನು ಎಣಿಸಲು ಹೇಳಿದೆ. ಹದ್ದಿನ ಚಿತ್ರ ಬರೆದಿದ್ದ ಹುಡುಗಿ ಸೊನ್ನೆ ಎಣಿಸುವುದನ್ನು ಬಿಟ್ಟು ಬೆರಳು ಮಡಿಸುತ್ತ ಬೇರೆಯದೇ ಲೆಕ್ಕ ಹಾಕುತ್ತಿದ್ದಳು. ಏನೆಂದು ಕೇಳಿದೆ.

"ನಮ್ಮ ಹೊಲ ಎರಡೆಕರೆ. ಅದರ ತುಂಬ ನೀರು ನಿಂತರೆ ನಾಲ್ಕು ಚಮಚ ಸಾಕಾ ಮಿಸ್?"