ಎಚ್‌ಎನ್‌ಎಸ್‌ಡಬ್ಲ್ಯೂ ಹುಡುಕಾಟ: ಹತ್ತಿರದ ಫಲಿತಾಂಶಗಳಿಗೆ ಹೀಪ್ ಬೇಕೆ, ಸಾರ್ಟೆಡ್ ಅರೇ ಸಾಕೆ?

ಪ್ರಶ್ನೆ

ಸಿ++ನಲ್ಲಿ ಎಚ್‌ಎನ್‌ಎಸ್‌ಡಬ್ಲ್ಯೂ (ಹತ್ತಿರದ ವೆಕ್ಟರ್‌ಗಳನ್ನು ಹುಡುಕುವ, ಪದರಪದರದ ಗ್ರಾಫ್) ಇಂಡೆಕ್ಸ್‌ನ ತಳದ ಪದರದ ಹುಡುಕಾಟ ಬರೆಯುತ್ತಿದ್ದೇನೆ. 10 ಲಕ್ಷ ವೆಕ್ಟರ್‌ಗಳು, ಒಂದೊಂದಕ್ಕೆ 768 ಆಯಾಮ; ಎಂ (ಮೇಲಿನ ಪದರಗಳಲ್ಲಿ ನೋಡ್‌ಗೆ ಗರಿಷ್ಠ ನೆರೆಯವರು) 16, ಇಎಫ್ (ಹುಡುಕುವಾಗ ಹಿಡಿದಿಡುವ ಉತ್ತಮ ಫಲಿತಾಂಶಗಳ ಸಂಖ್ಯೆ) 200, ಕೊನೆಗೆ ಬೇಕಿರುವುದು ಹತ್ತಿರದ 10. ಇನ್ನೂ ನೋಡಬೇಕಾದ ನೋಡ್‌ಗಳಿಗೊಂದು, ಇದುವರೆಗಿನ ಉತ್ತಮ ಫಲಿತಾಂಶಗಳಿಗೊಂದು, ಹೀಗೆ ಎರಡು ಮಲ್ಟಿಸೆಟ್ (ಸದಾ ಕ್ರಮದಲ್ಲಿಡುವ ಮರದ ರಚನೆ) ಇಟ್ಟಿದ್ದೇನೆ. ಪ್ರೊಫೈಲರ್‌ನಲ್ಲಿ ಮೆಮೊರಿ ಪಡೆಯುವ, ಬಿಡುವ ಕೆಲಸವೇ ಎದ್ದು ಕಾಣುತ್ತಿದೆ. ಜೊತೆಗೆ ಕೆಲವು ಕ್ವೆರಿಗಳಲ್ಲಿ ಒಂದೇ ನೋಡ್ ಎರಡು ಸಲ ಬರುತ್ತಿದೆ. ಯಾವ ಡೇಟಾ ಸ್ಟ್ರಕ್ಚರ್ ಸರಿ?

ಉತ್ತರ 1

ಮಲ್ಟಿಸೆಟ್ ಎರಡೂ ತುದಿಗಳನ್ನು ಕೊಡುತ್ತದೆ, ಆದರೆ ನಿಮಗೆ ಒಂದೊಂದರಲ್ಲಿ ಒಂದೇ ತುದಿ ಸಾಕು. ನೋಡಬೇಕಾದವುಗಳಲ್ಲಿ ಅತಿ ಹತ್ತಿರದ್ದು, ಫಲಿತಾಂಶಗಳಲ್ಲಿ ಅತಿ ದೂರದ್ದು. ಆದ್ದರಿಂದ ಮೊದಲನೆಯದಕ್ಕೆ ಮಿನ್ ಹೀಪ್ (ಅತಿ ಚಿಕ್ಕದು ತುದಿಯಲ್ಲಿರುವ ರಚನೆ), ಎರಡನೆಯದಕ್ಕೆ ಮ್ಯಾಕ್ಸ್ ಹೀಪ್ (ಅತಿ ದೊಡ್ಡದು ತುದಿಯಲ್ಲಿ). ಮಲ್ಟಿಸೆಟ್‌ನಲ್ಲಿ ದೂರ ಮತ್ತು ಐಡಿ ಸೇರಿ 8 ಬೈಟ್ ಇಡಲು ಮರದ ಪಾಯಿಂಟರ್‌ಗಳೇ ಸುಮಾರು 32 ಬೈಟ್ ತಿನ್ನುತ್ತವೆ, ಪ್ರತಿ ಸೇರ್ಪಡೆಗೂ ಬೇರೆ ಮೆಮೊರಿ ಬೇರೆ. ಹೀಪ್ ಒಂದೇ ಸಿ++ ವೆಕ್ಟರ್‌ನಲ್ಲಿ, ಅಂದರೆ ಒಂದೇ ಸಾಲಿನ ಮೆಮೊರಿಯಲ್ಲಿ, ಕೂರುತ್ತದೆ. ಮೊದಲೇ ಜಾಗ ಕಾದಿರಿಸಿ, ಥ್ರೆಡ್‌ಗೊಂದರಂತೆ ಇಟ್ಟುಕೊಂಡು ಮರುಬಳಸಿ.

ನಡೆಸುವ ಕ್ರಮ ಹೀಗೆ: ಮಿನ್ ಹೀಪ್‌ನಿಂದ ಹತ್ತಿರದ ನೋಡ್ ತೆಗೆಯಿರಿ. ಫಲಿತಾಂಶ ಹೀಪ್ 200 ತುಂಬಿದ್ದು, ತೆಗೆದ ನೋಡ್ ಅದರ ತುದಿಗಿಂತ ದೂರವಿದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲವಾದರೆ ಅದರ ನೆರೆಯವರನ್ನು ನೋಡಿ. ಹೀಪ್ ಇನ್ನೂ ತುಂಬಿಲ್ಲದಿದ್ದರೆ, ಅಥವಾ ನೆರೆಯ ನೋಡ್ ಆ ತುದಿಗಿಂತ ಹತ್ತಿರವಿದ್ದರೆ, ಅದನ್ನು ಎರಡಕ್ಕೂ ಸೇರಿಸಿ. ಫಲಿತಾಂಶ 200 ಮೀರಿದರೆ ತುದಿಯನ್ನು ಕಳಚಿ. ಮಿತಿಯನ್ನು ಪ್ರತಿ ಸೇರ್ಪಡೆಯ ನಂತರವೂ ಹೊಸದಾಗಿ ಓದಿಕೊಳ್ಳಬೇಕು. "ತುಂಬಿದೆಯೇ" ಎಂಬ ಪರೀಕ್ಷೆ ಬಿಟ್ಟುಹೋದರೆ ಹುಡುಕಾಟ ನಾಲ್ಕೈದು ನೋಡ್‌ಗಳಿಗೇ ನಿಂತುಬಿಡಬಹುದು. ಎರರ್ ಏನೂ ಬರುವುದಿಲ್ಲ, ರೀಕಾಲ್ (ನಿಜವಾದ ಹತ್ತಿರದವುಗಳಲ್ಲಿ ಸಿಕ್ಕಿದ ಪಾಲು) ಮಾತ್ರ ಬೀಳುತ್ತದೆ.

ಒಂದೇ ನೋಡ್ ಎರಡು ಸಲ ಬರುವುದಕ್ಕೂ ಹೀಪಿಗೂ ಸಂಬಂಧವಿಲ್ಲ. ನೀವು ನೋಡ್ ಹೊರತೆಗೆದಾಗ "ನೋಡಿಯಾಯಿತು" ಎಂದು ಗುರುತಿಸುತ್ತಿರಬೇಕು. ಮೊದಲ ಸಲ ಕಣ್ಣಿಗೆ ಬಿದ್ದಾಗಲೇ, ದೂರ ಲೆಕ್ಕ ಹಾಕುವ ಮೊದಲೇ ಗುರುತಿಸಿ.

ಸಿ++ನ ಪ್ರಯಾರಿಟಿ ಕ್ಯೂ ತಾನಾಗಿ ಮ್ಯಾಕ್ಸ್ ಹೀಪ್, ಪೈಥಾನ್‌ನ ಹೀಪ್‌ಕ್ಯೂ ಮಿನ್ ಹೀಪ್. ಕೋಡ್ ಒಂದರಿಂದ ಇನ್ನೊಂದಕ್ಕೆ ತರುವಾಗ ಎಡವುವುದು ಇಲ್ಲೇ.

ಉತ್ತರ 2

ಮೇಲಿನದು ಸರಿಯಾದ ವಿಧಾನ. ಆದರೆ ಇಎಫ್ 200ರ ಅಳತೆಗೆ ನಾನು ಹೀಪ್ ಬಳಸುವುದಿಲ್ಲ, ಒಂದೇ ಸಾರ್ಟೆಡ್ ಅರೇ ಸಾಕು ಎನ್ನುತ್ತೇನೆ. ಇಂಥದ್ದೇ ಗ್ರಾಫ್ ಹುಡುಕಾಟದ ಡಿಸ್ಕ್‌ಎಎನ್‌ಎನ್, ಎನ್‌ಎಸ್‌ಜಿ ಕೋಡ್‌ಗಳಲ್ಲಿ ಇರುವುದೂ ಇದೇ.

ಪ್ರತಿ ನಮೂದಿಗೆ 4 ಬೈಟ್ ದೂರ, 4 ಬೈಟ್ ಐಡಿ. ನೆರೆಯವರನ್ನು ನೋಡಿಯಾಯಿತೇ ಎಂಬ ಗುರುತನ್ನು ಐಡಿಯ ಮೇಲಿನ ಬಿಟ್‌ನಲ್ಲಿಡಿ. 200 ನಮೂದಿಗೆ 1,600 ಬೈಟ್, ಅಂದರೆ 64 ಬೈಟ್‌ನ 25 ಕ್ಯಾಶ್ ಲೈನ್. ಪ್ರೊಸೆಸರ್‌ಗೆ ಅತಿ ಹತ್ತಿರದ ಎಲ್1 ಕ್ಯಾಶ್‌ನಲ್ಲಿ ಆರಾಮವಾಗಿ ಹಿಡಿಸುತ್ತದೆ. ಹೊಸ ನೋಡ್ ಬಂದಾಗ ಮೊದಲು ಕೊನೆಯ ನಮೂದಿನ ಜೊತೆ ಒಂದು ಹೋಲಿಕೆ. ಸೋತರೆ ಅಲ್ಲಿಗೇ ಮುಗಿಯಿತು, ಬಹುಪಾಲು ನೋಡ್‌ಗಳು ಇಲ್ಲೇ ಬಿದ್ದುಹೋಗುತ್ತವೆ. ಗೆದ್ದರೆ ಬೈನರಿ ಸರ್ಚ್‌ಗೆ 8 ಹೋಲಿಕೆ, ಆಮೇಲೆ ಮೆಮ್‌ಮೂವ್‌ನಿಂದ ಉಳಿದವನ್ನು ಒಂದು ಸ್ಥಾನ ಸರಿಸುವುದು. ಇನ್ನೂ ವಿಸ್ತರಿಸದ (ನೆರೆಯವರನ್ನು ನೋಡಿರದ) ಮೊದಲ ನಮೂದಿಗೆ ಒಂದು ಕರ್ಸರ್ ಇರಲಿ. ಹೊಸದು ಕರ್ಸರ್‌ಗಿಂತ ಮುಂಚಿನ ಸ್ಥಾನಕ್ಕೆ ಬಂದರೆ ಕರ್ಸರನ್ನು ಅಲ್ಲಿಗೆ ಹಿಂದಕ್ಕೆ ತನ್ನಿ. ಇದನ್ನು ಮರೆತರೆ ಹತ್ತಿರದ ನೋಡ್‌ಗಳೇ ವಿಸ್ತರಣೆಯಾಗದೆ ಉಳಿಯುತ್ತವೆ. ಕರ್ಸರ್ ಕೊನೆ ಮುಟ್ಟಿದರೆ ಹುಡುಕಾಟ ಮುಗಿದಂತೆ. ಮೊದಲ 10 ನಮೂದುಗಳೇ ಉತ್ತರ, ಕ್ರಮವಾಗಿಯೇ ಇರುತ್ತವೆ. ಹೀಪ್ ಆದರೆ ಮೊದಲು 190 ತೆಗೆದು ಎಸೆದು, ಉಳಿದವನ್ನು ಹಿಂದಿನಿಂದ ತುಂಬಬೇಕು.

ಇಎಫ್ ಹಲವು ಸಾವಿರಕ್ಕೆ ಏರಿದರೆ ಸರಿಸುವ ಖರ್ಚು ಬೆಳೆಯುತ್ತದೆ, ಆಗ ಹೀಪ್ ಕಡೆಗೆ ತಿರುಗಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಗುರುತಿಸುವ ಜಾಗ ಬದಲಿಸಿದ ಮೇಲೆ ಎರಡೆರಡು ಬರುವುದು ನಿಂತಿತು. ಶೇ. 5ರಷ್ಟು ನೋಡ್‌ಗಳು "ಅಳಿಸಲಾಗಿದೆ" ಎಂಬ ಗುರುತಿನೊಂದಿಗೆ ಗ್ರಾಫ್‌ನಲ್ಲೇ ಇವೆ. ಒಂದೇ ಅರೇ ಆದರೆ ಅವನ್ನು ಏನು ಮಾಡಲಿ?

ಉತ್ತರ 2 ಬರೆದವರು

ದಾಟಿಹೋಗುವ ದಾರಿಯಾಗಿ ಅವು ಬೇಕು, ಹುಡುಕಾಟದಿಂದಲೇ ಕಿತ್ತರೆ ರೀಕಾಲ್ ಬೀಳುತ್ತದೆ. ಶೇ. 5 ಅಲ್ಲಲ್ಲಿ ಚದುರಿದ್ದರೆ ಅರೇಯಲ್ಲೇ ಇರಲಿ, ಉತ್ತರ ಕೊಡುವಾಗ ಬಿಟ್ಟುಬಿಡಿ; 200ರಲ್ಲಿ 10 ಜೀವಂತ ನೋಡ್ ಸಿಗುವುದು ಕಷ್ಟವಲ್ಲ. ಒಂದೇ ಗುಂಪಿನವು ಒಟ್ಟಿಗೆ ಅಳಿದಿದ್ದರೆ, ಅಥವಾ ಕ್ವೆರಿಗೆ ಬಿಗಿಯಾದ ಫಿಲ್ಟರ್ ಇದ್ದರೆ, ಎರಡು ಹೀಪ್‌ಗಳೇ ಸರಿ: ಎಲ್ಲವೂ ಮಿನ್ ಹೀಪ್‌ಗೆ, ಜೀವಂತವು ಮಾತ್ರ ಫಲಿತಾಂಶಕ್ಕೆ. ಆಗ ಫಲಿತಾಂಶ ಹೀಪ್ ತುಂಬುವುದೇ ತಡವಾಗಿ ಹುಡುಕಾಟ ಗ್ರಾಫ್ ತುಂಬಾ ಅಲೆಯಬಹುದು. ಎಷ್ಟು ನೋಡ್ ವಿಸ್ತರಿಸಬಹುದು ಎಂಬುದಕ್ಕೆ ಒಂದು ಮಿತಿ ಹಾಕಿ.

ಉತ್ತರ 3

ಮಲ್ಟಿಸೆಟ್ ಹೋದ ಮೇಲೆ ಖರ್ಚು ಎಲ್ಲಿ ಉಳಿಯುತ್ತದೆ ಎಂಬುದನ್ನೂ ನೋಡಿ. ತಳದ ಪದರದಲ್ಲಿ ನೋಡ್‌ಗೆ ಎಂನ ಎರಡರಷ್ಟು, ಅಂದರೆ 32ರವರೆಗೆ ನೆರೆಯವರು. 200 ನೋಡ್ ವಿಸ್ತರಿಸಿದರೆ 6,400ರವರೆಗೆ ನೆರೆಯವರ ಪರಿಶೀಲನೆ. ಪ್ರತಿ ಹೊಸ ನೋಡ್‌ಗೆ 3,072 ಬೈಟ್‌ನ ವೆಕ್ಟರ್ ಮೆಮೊರಿಯಿಂದ ಬರಬೇಕು. ಮುಂದಿನ ನೆರೆಯವರ ವೆಕ್ಟರನ್ನು ಪ್ರೀಫೆಚ್ ಮಾಡುವುದರಿಂದ (ಬೇಕಾಗುವ ಮೊದಲೇ ಕ್ಯಾಶ್‌ಗೆ ತರುವುದರಿಂದ) ಸಿಗುವ ಲಾಭ, ಹೀಪ್ ಬಿಟ್ಟು ಅರೇಗೆ ಹೋಗುವ ಲಾಭಕ್ಕಿಂತ ಹೆಚ್ಚಿರುತ್ತದೆ ಎಂದೇ ನನ್ನ ಅಂದಾಜು.

"ನೋಡಿಯಾಯಿತು" ಗುರುತಿಗೆ ಹ್ಯಾಶ್ ಸೆಟ್ ಬೇಡ. ನೋಡ್‌ಗೊಂದು 16 ಬಿಟ್ ಸಂಖ್ಯೆಯ ಅರೇ ಇಡಿ, 10 ಲಕ್ಷಕ್ಕೆ 2 ಎಂಬಿ. ಪ್ರತಿ ಕ್ವೆರಿಗೂ ಸರದಿ ಸಂಖ್ಯೆ ಒಂದು ಹೆಚ್ಚಿಸಿ, ನೋಡಿದ ನೋಡ್‌ನಲ್ಲಿ ಅದನ್ನು ಬರೆಯಿರಿ. ಇಡೀ ಅರೇ ಅಳಿಸಬೇಕಾದದ್ದು 65,535 ಕ್ವೆರಿಗೊಮ್ಮೆ ಮಾತ್ರ. ಥ್ರೆಡ್‌ಗೊಂದು ಅರೇ ಬೇಕು, ಹಂಚಿಕೊಳ್ಳಬೇಡಿ.

ಕೊಸೈನ್ ಬಳಸುವುದಾದರೆ ಸೊನ್ನೆ ವೆಕ್ಟರ್‌ಗಳನ್ನು ಸೇರಿಸುವಾಗಲೇ ತಡೆಯಿರಿ. ನಾರ್ಮಲೈಸ್ ಮಾಡಿದರೆ (ಉದ್ದದಿಂದ ಭಾಗಿಸಿದರೆ) ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ ಬೆಲೆ, ಬರುತ್ತದೆ. ನ್ಯಾನ್ ಜೊತೆಗಿನ "ಚಿಕ್ಕದೇ", "ದೊಡ್ಡದೇ" ಹೋಲಿಕೆಗಳೆಲ್ಲ ಸುಳ್ಳಾಗುವುದರಿಂದ ಹೀಪ್ ಆಗಲಿ ಅರೇ ಆಗಲಿ ಕ್ರಮ ಕೆಡುತ್ತದೆ, ತುದಿಯಲ್ಲಿ ನ್ಯಾನ್ ಕೂತರೆ ಆಮೇಲೆ ಬರುವ ಹತ್ತಿರದ ನೋಡ್‌ಗಳೂ ಒಳಗೆ ಬರುವುದಿಲ್ಲ.