‘ವರ್ಣಾಂಧ ಕಾನೂನು’ ಎಂದರೆ ಅರ್ಥ ತಲೆಕೆಳಗಾಗುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ವಕೀಲ, ಕಾದಂಬರಿಕಾರ, ರಾಜಕಾರಣಿ ಆಲ್ಬಿಯನ್ ಟೂರ್ಜೇ (1838–1905) ಕುರಿತು ಬರೆಯುತ್ತಿದ್ದೇನೆ. ‘ಕಲರ್‌ಬ್ಲೈಂಡ್’ (ಇಲ್ಲಿ, ಮೈಬಣ್ಣ ನೋಡದೆ ಎಲ್ಲರನ್ನೂ ಒಂದೇ ಎಂದು ಕಾಣುವ) ಎಂಬ ಒಂದು ಮಾತಿಗೆ ಕನ್ನಡ ಹುಡುಕುತ್ತ ಬರವಣಿಗೆ ನಿಂತಿದೆ.

ಟೂರ್ಜೇ ಹುಟ್ಟಿದ್ದು ಒಹಾಯೊದಲ್ಲಿ. ಅಂತರ್ಯುದ್ಧದಲ್ಲಿ ಬೆನ್ನಿಗೆ ಪೆಟ್ಟು ತಿಂದ ಈತ 1865ರಲ್ಲಿ ನಾರ್ತ್ ಕ್ಯಾರೊಲಿನಾಕ್ಕೆ ಹೋಗಿ ನೆಲೆಸಿದ. 1868ರಲ್ಲಿ ಆ ರಾಜ್ಯದ ಸಂವಿಧಾನ ಸಭೆಯಲ್ಲಿ ಕೂತ. ಆಮೇಲೆ ಬಿಳಿಯರೇ ಮೇಲು ಎನ್ನುವ ಹಿಂಸಾತ್ಮಕ ಗುಪ್ತಸಂಘ ಕು ಕ್ಲಕ್ಸ್ ಕ್ಲಾನ್‌ನ ಬೆದರಿಕೆಗಳ ನಡುವೆಯೇ ಆರು ವರ್ಷ ನ್ಯಾಯಾಧೀಶನಾಗಿದ್ದ. ರೈಲಿನಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಡಬ್ಬಿ ಎಂದ ಲೂಯಿಸಿಯಾನಾದ 1890ರ ಕಾನೂನನ್ನು ಮುರಿದು ಹೋಮರ್ ಪ್ಲೆಸಿ ಬಂಧನಕ್ಕೊಳಗಾದಾಗ, ಶುಲ್ಕ ಪಡೆಯದೆ ಸುಪ್ರೀಂ ಕೋರ್ಟಿನವರೆಗೂ ಹೋರಾಡಿದವನು ಈತನೇ. 1896ರಲ್ಲಿ 7–1ರಿಂದ ಸೋತ. ಆದರೆ ಅವನ ಲಿಖಿತ ವಾದದ ಒಂದು ಸಾಲು ಉಳಿಯಿತು: ನ್ಯಾಯದೇವತೆಯನ್ನು ಕಣ್ಣು ಕಾಣದವಳೆಂದು ಚಿತ್ರಿಸುತ್ತಾರೆ, ಅವಳ ಮಗಳು ಕಾನೂನು ಕೊನೇಪಕ್ಷ ‘ಕಲರ್‌ಬ್ಲೈಂಡ್’ ಆದರೂ ಆಗಿರಬೇಕು. ಒಬ್ಬರೇ ಭಿನ್ನಮತ ಬರೆದ ನ್ಯಾಯಮೂರ್ತಿ ಹಾರ್ಲನ್ ಕೂಡ ಸಂವಿಧಾನಕ್ಕೆ ಇದೇ ವಿಶೇಷಣ ಬಳಸಿದರು.

ಶಾಲೆಯ ವಿಜ್ಞಾನಪಾಠದ ‘ವರ್ಣಾಂಧತೆ’ ಕಣ್ಣಿನ ದೋಷಕ್ಕೆ ಸರಿ. ಕಾನೂನಿಗೆ ಹಚ್ಚಿದರೆ? ಮದಾಂಧ, ಕಾಮಾಂಧ, ಧರ್ಮಾಂಧ: ಇವುಗಳಲ್ಲೆಲ್ಲ ಮೊದಲ ಪದವೇ ಕುರುಡಿಗೆ ಕಾರಣ. ಧರ್ಮಾಂಧನಿಗೆ ಕಾಣುವುದು ಧರ್ಮ ಒಂದೇ. ಹಾಗೆ ‘ವರ್ಣಾಂಧ ನ್ಯಾಯಾಧೀಶ’ ಎಂದೊಡನೆ ನನ್ನ ಕಿವಿಗೆ ಕೇಳಿಸುವುದು ಮೈಬಣ್ಣದ ಅಹಂಕಾರದಿಂದ ಕಣ್ಣು ಮುಚ್ಚಿಹೋದವನು, ಅಂದರೆ ಟೂರ್ಜೇ ಜೀವಮಾನವಿಡೀ ಎದುರಿಸಿದ ಮನುಷ್ಯನೇ. ಚಾತುರ್ವರ್ಣ್ಯದ ನೆನಪೂ ಆ ಪದಕ್ಕೆ ಅಂಟಿಕೊಂಡಿದೆ.

‘ಧರ್ಮನಿರಪೇಕ್ಷ’ದ ಜಾಡಿನಲ್ಲಿ ‘ವರ್ಣನಿರಪೇಕ್ಷ’ ಎನ್ನಬಹುದು. ಅರ್ಥ ಸ್ಪಷ್ಟ, ಆದರೆ ಕಣ್ಣಿನ ಮಾತೇ ಹೋಯಿತು. ತಾಯಿ ಮಗಳ ಹೋಲಿಕೆ ನಿಲ್ಲುವುದಿಲ್ಲ. ‘ಇರುಳುಗುರುಡು’ ಇರುವಾಗ ‘ಬಣ್ಣಗುರುಡು’ ಸಹಜವಾಗಿಯೇ ಕೂರುತ್ತದೆ. ಆದರೆ ಕುರುಡುನಂಬಿಕೆ, ಕುರುಡುಪ್ರೀತಿ ಎಂದು ಬೈಯಲು ಬಳಸುವ ಪದ ಮೆಚ್ಚುಗೆಯ ಮಾತಾಗಿ ಒದಗೀತೇ?

ಸದ್ಯಕ್ಕೆ ಕ್ರಿಯಾಪದದ ದಾರಿ ಹಿಡಿದಿದ್ದೇನೆ: ‘ಅವಳ ಮಗಳು ಕಾನೂನಿಗೆ ಮೈಬಣ್ಣವಾದರೂ ಕಾಣದಿರಬೇಕು.’ ವಾಕ್ಯಕ್ಕೆ ಇದು ನನಗೆ ಒಪ್ಪಿಗೆ. ಶೀರ್ಷಿಕೆಗೆ ಮಾತ್ರ ಒಂದೇ ಪದ ಬೇಕು.

ಎರಡು ಪ್ರಶ್ನೆ. ಕನ್ನಡದ ಕಾನೂನು ಬರಹಗಳಲ್ಲಿ ಇದಕ್ಕೆ ರೂಢಿಯಾದ ಪದವನ್ನು ಯಾರಾದರೂ ಕಂಡಿದ್ದೀರಾ? ‘ಅಂಧ’ ಎಂದು ಕೊನೆಗೊಳ್ಳುವ ಸಮಾಸಗಳಲ್ಲಿ, ಮೊದಲ ಪದ ಹೇಳುವ ವಸ್ತುವೇ ಕಾಣದು ಎಂಬರ್ಥ ಬರುವ ಹಳೆಯ ಪ್ರಯೋಗ ಇದೆಯೇ? ಜನ್ಮಾಂಧ ಇಲ್ಲಿಗೆ ಹೊಂದದು. ಅದು ಹುಟ್ಟಿನಿಂದ ಬಂದ ಕುರುಡನ್ನು ಹೇಳುತ್ತದೆ.